ಒಂದು ಕಾಯಿಗೆ ಒಂದೇ ಹುಳು

ಕನ್ನಡದಲ್ಲಿ ‘ತಿನ್ನು’ ಎಂಬ ಒಂದು ಧಾತುವಿಗೆ ಇರುವ ವ್ಯಾಪ್ತಿಯನ್ನು ಕಂಡರೆ ಆಶ್ಚರ್ಯವಾಗುತ್ತದೆ. ಹಣ್ಣನ್ನೂ ತಿಂಡಿಯನ್ನೂ ತಿನ್ನುವುದು ಹಾಗಿರಲಿ. ನಾವು ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಮಾತು ಮುಗಿಯದಿದ್ದರೆ ಎದುರಿಗಿದ್ದವರ ತಲೆ ತಿನ್ನುತ್ತೇವೆ. ಬೇಸತ್ತ ತಾಯಿ ಹಟಮಾರಿ ಮಗುವಿಗೆ ‘ನನ್ನ ಜೀವ ತಿನ್ನಬೇಡ’ ಎನ್ನುತ್ತಾಳೆ. ಇಷ್ಟೆಲ್ಲ ತಿನ್ನುವುದರಲ್ಲಿ ಹಲ್ಲಿಗಾಗಲಿ ಹೊಟ್ಟೆಗಾಗಲಿ ಕೆಲಸವಿಲ್ಲ; ಅದು ಮನುಷ್ಯರ ಪರಸ್ಪರ ಸಂಬಂಧಕ್ಕೆ ಭಾಷೆ ಕಂಡುಕೊಂಡ ಒಂದು ಉಪಮಾನ ಮಾತ್ರ. ಆದರೆ ಒಬ್ಬರನ್ನೊಬ್ಬರು ತಿನ್ನುವುದು ಉಪಮಾನವಾಗಿರದೆ ನಿಜವಾದ ಊಟವೇ ಆಗಿರುವ ಒಂದು ಲೋಕ ನಮ್ಮ ಹೊಲದ ಬದುವಿನ ಮಗ್ಗುಲಲ್ಲೇ ಇದೆ. ಅದು ಹುಳುಗಳ ಲೋಕ. ಆ ಲೋಕದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬಯಸುತ್ತೇನೆ. ತನ್ನ ಜಾತಿಯದನ್ನೇ ತಿಂದ ಹುಳುವಿನ ಮೈಗೆ ಏನಾಗುತ್ತದೆ? ಅದು ಬೆಳೆಯುತ್ತದೆಯೆ, ಇಲ್ಲವೆ ಕೆಡುತ್ತದೆಯೆ?

ಹಳಗನ್ನಡದ ‘ಪುಳು’ವೇ ಇಂದಿನ ನಮ್ಮ ಹುಳು. ಕವಿಗಳಿಗೆ ಅದು ಕ್ಷುದ್ರತೆಯ ಗುರುತು. ಜೀವಶಾಸ್ತ್ರಜ್ಞನಿಗಾದರೋ ಹುಳುವೆಂದರೆ ಕೀಟದ ಜೀವಿತದಲ್ಲಿ ಉಣ್ಣುವುದಕ್ಕೆಂದೇ ಮೀಸಲಾದ ಒಂದು ಆಶ್ರಮ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳಲ್ಲಿ ಬೆಳವಣಿಗೆಯೆಲ್ಲ ಈ ಎರಡನೆಯದರಲ್ಲೇ ನಡೆದುಹೋಗುತ್ತದೆ. ನಮ್ಮ ನಾಡಿಗೆ ಚಿರಪರಿಚಿತವಾದ ರೇಷ್ಮೆಹುಳು ಇಪ್ಪತ್ತೈದು ದಿನಗಳಲ್ಲಿ ತನ್ನ ತೂಕವನ್ನು ಸುಮಾರು 10,000 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಗೂಡಿನಿಂದ ಹೊರಬರುವ ಪತಂಗವೋ ಒಂದು ತುತ್ತನ್ನೂ ಮುಟ್ಟದೆ, ಹುಳುವಾಗಿದ್ದಾಗ ಕೂಡಿಟ್ಟ ಗಂಟಿನಿಂದಲೇ ಮದುವೆ, ಮೊಟ್ಟೆ, ಮರಣ ಎಲ್ಲವನ್ನೂ ಮುಗಿಸುತ್ತದೆ. ಆದುದರಿಂದ ಹುಳುವಿನ ಪಾಲಿಗೆ ಊಟವೆಂದರೆ ಹೊತ್ತು ಕಳೆಯುವ ಮಾತಲ್ಲ. ಮುಂದಿನ ಸಂತಾನದ ಬಂಡವಾಳವನ್ನು ಅದು ಇಂದಿನ ತುತ್ತಿನಲ್ಲಿ ಕೂಡಿಡಬೇಕು.

ರೇಷ್ಮೆಹುಳುಗಳು ಒಂದೇ ತಟ್ಟೆಯಲ್ಲಿ ನೂರಾರು ಒಟ್ಟಿಗಿದ್ದು, ಒಂದನ್ನೊಂದು ತುಳಿದು ಹತ್ತಿದರೂ ಕಚ್ಚದೆ ಬಾಳುತ್ತವೆ. ಎಲ್ಲ ಹುಳುಗಳೂ ಹೀಗಲ್ಲ. ತೊಗರಿಯ ಕಾಯಿಕೊರಕ, ಮೆಕ್ಕೆಜೋಳದ ಸೈನಿಕ ಹುಳು, ಗುಲಗಂಜಿ ಹುಳುವಿನ ಮರಿ, ಮನೆಯ ಹಿಟ್ಟಿನ ಡಬ್ಬಿಯಲ್ಲಿ ಹುಟ್ಟುವ ಕೆಂಪು ಹುಳುವಿನ ಮರಿ, ಇವೆಲ್ಲ ಅವಕಾಶ ಸಿಕ್ಕಿದರೆ ಒಡಹುಟ್ಟನ್ನೇ ತಿಂದುಬಿಡುತ್ತವೆ. ಇದಕ್ಕೆ ಪಂಡಿತರು ಸ್ವಜಾತಿಭಕ್ಷಣವೆಂದು ಹೆಸರಿಟ್ಟಿದ್ದಾರೆ. ಸೆರೆಯಲ್ಲಿಟ್ಟು ಸಾಕಿದುದರಿಂದ ಉಂಟಾಗುವ ವಿಕೃತಿ ಇದೆಂದು ಬಹುಕಾಲ ಅನೇಕರು ತಳ್ಳಿಹಾಕಿದ್ದುಂಟು. 1975ರಲ್ಲಿ ಲಾರೆಲ್ ಫಾಕ್ಸ್ ಎಂಬ ವಿದುಷಿ ಬಯಲಿನ ಪ್ರಾಣಿಗಳ ವೃತ್ತಾಂತಗಳನ್ನು ಕಲೆಹಾಕಿ, ಇದು ವಿಕೃತಿಯಲ್ಲ, ಸಹಜವಾಗಿಯೇ ನಡೆಯುವ ಸಂಗತಿ ಎಂದು ತೋರಿಸಿಕೊಟ್ಟರು. 1981ರಲ್ಲಿ ಗ್ಯಾರಿ ಪೋಲಿಸ್ ಮಾಡಿದ ಲೆಕ್ಕದಲ್ಲಿ ಇಂಥ ಪ್ರಾಣಿಜಾತಿಗಳ ಸಂಖ್ಯೆ ಸುಮಾರು 1300ಕ್ಕೆ ಏರಿತು.

ಸಾಹಿತ್ಯದ ಉಪಾಧ್ಯಾಯನಿಗೆ ಈ ಹುಳುಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ಅದಕ್ಕೆ ಕಾರಣನಾದವನು ಒಬ್ಬ ವಿದ್ಯಾರ್ಥಿ. ಪದವಿ ತರಗತಿಯಲ್ಲಿ ಒಂದು ದಿನ ಮತ್ಸ್ಯನ್ಯಾಯವೆಂಬ ಮಾತಿಗೆ ಅರ್ಥ ಹೇಳುತ್ತಿದ್ದೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವಂತೆ ಬಲ್ಲಿದನು ಬಡವನನ್ನು ನುಂಗುವುದು ಎಂದು ನಾನು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಪ್ರಕೃತಿಯಲ್ಲಿ ಎಲ್ಲ ಕಡೆಯೂ ಹೀಗೇ ಇದ್ದಮೇಲೆ ಮನುಷ್ಯನನ್ನು ಮಾತ್ರ ಏಕೆ ದೂರಬೇಕು? ತಿಂದವನು ಬೆಳೆಯುತ್ತಾನೆ, ತಿನ್ನದವನು ಸಾಯುತ್ತಾನೆ. ನಿಯಮವೇ ಅದಲ್ಲವೆ?” ಎಂದ. ಅವನು ತೊಗರಿ ಬೆಳೆಯುವ ಮನೆಯ ಮಗ. ಸಾಲಕ್ಕೆ ಹೊಲ ಕಳೆದುಕೊಂಡ ನಂಟರನ್ನು ಕಣ್ಣಾರೆ ಕಂಡವನು. ಅವನ ದನಿಯಲ್ಲಿ ತುಂಟತನವಿರಲಿಲ್ಲ, ಕಹಿಯಿತ್ತು. ಅಂಥ ಪ್ರಶ್ನೆಗೆ ಸುಭಾಷಿತ ಹೇಳಿ ಕೂರಿಸುವುದು ನ್ಯಾಯವಲ್ಲ. ಪ್ರಕೃತಿಯನ್ನು ಸಾಕ್ಷಿಗೆ ಕರೆದಮೇಲೆ ಪ್ರಕೃತಿಯ ಸಾಕ್ಷ್ಯವನ್ನು ಪೂರ್ತಿಯಾಗಿ ಕೇಳಬೇಕು. ಅಂದಿನಿಂದ ನಾನು ಈ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದತೊಡಗಿದೆ.

ಮೊದಲು ಲಾಭದ ಪಕ್ಷವನ್ನು ನೋಡೋಣ. ಶಾಸ್ತ್ರಗ್ರಂಥಗಳಲ್ಲಿ ‘ಚಯಾಪಚಯ’ ಎಂಬ ಒಂದು ಸುಂದರವಾದ ಶಬ್ದವಿದೆ. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಕಳೆಯುವುದು. ಉಂಡುದನ್ನು ಒಡೆದು ಕಸುವು ಪಡೆಯುವುದೂ ಆ ಕಸುವಿನಿಂದ ಹೊಸ ಮೈ ಕಟ್ಟುವುದೂ ಎರಡೂ ಸೇರಿ ಒಂದು ಜೀವದ ಜಮಾಖರ್ಚು. ಎಲೆ ತಿನ್ನುವ ಹುಳುವಿನ ಈ ಲೆಕ್ಕಪತ್ರ ಬಡವನ ಸಂಸಾರದಂತೆ ಸದಾ ಇಕ್ಕಟ್ಟಿನದು. ಎಲೆಯ ಬಹುಭಾಗ ನಾರು; ಅದನ್ನು ಕರಗಿಸುವ ಶಕ್ತಿ ಹುಳುವಿನ ಕರುಳಿಗೆ ಸಾಲದು. ತಿಂದುದರಲ್ಲಿ ಅನೇಕ ವೇಳೆ ಅರ್ಧಕ್ಕಿಂತ ಹೆಚ್ಚು ಹಿಕ್ಕೆಯಾಗಿ ಹೊರಬೀಳುತ್ತದೆ. ಹುಳುವಿನ ಕೆಳಗೆ ಕರಿಯ ಮಣಿಗಳಂತೆ ಉದುರುವ ಆ ಹಿಕ್ಕೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇಕ್ಕಟ್ಟಿನ ಮೂಲ ಸಾರಜನಕದಲ್ಲಿದೆ. ಮೈಯ ಮಾಂಸವನ್ನು ಕಟ್ಟುವ ಪ್ರೋಟೀನಿಗೆ ಸಾರಜನಕವೇ ಬೇಕು. ಒಣತೂಕದ ಲೆಕ್ಕದಲ್ಲಿ ಬಹುತೇಕ ಎಲೆಗಳಲ್ಲಿ ಅದು ನೂರಕ್ಕೆ 1ರಿಂದ 5 ಪಾಲು ಮಾತ್ರ. ಪ್ರಾಣಿಗಳ ಮೈಯಲ್ಲಿ 7ರಿಂದ 14 ಪಾಲು. 1980ರಲ್ಲಿ ವಿಲಿಯಂ ಮ್ಯಾಟ್ಸನ್ ಎಂಬ ವಿಜ್ಞಾನಿ ಈ ಅಂತರವನ್ನು ಎತ್ತಿ ತೋರಿಸಿ, ಎಲೆ ತಿನ್ನುವ ಜೀವಗಳ ಬಾಳನ್ನೆಲ್ಲ ಈ ಕೊರತೆಯೇ ರೂಪಿಸಿದೆಯೆಂದು ವಾದಿಸಿದರು. ತೆಳುವಾದ ಗಂಜಿಯಿಂದ ಗಟ್ಟಿ ಮೈ ಕಟ್ಟಬೇಕಾದ ಹುಳುವಿಗೆ ಪಕ್ಕದಲ್ಲೇ ಹರಿದಾಡುವ ಇನ್ನೊಂದು ಹುಳು ಏನಾಗಿ ಕಾಣಬೇಕು? ಅದು ತಾನು ಆಗಬೇಕಾದುದೆಲ್ಲ ಆಗಲೇ ಸಿದ್ಧವಾಗಿರುವ ಒಂದು ಬುತ್ತಿ. ಕೀಟವು ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು ಅದರಲ್ಲಿ ಬೇಕಾದ ಹದದಲ್ಲೇ ಬೆರೆತಿವೆ. ಯಾವ ಕೀಟವೂ ಸ್ವಂತವಾಗಿ ತಯಾರಿಸಲಾಗದ ಸ್ಟೆರಾಲು ಎಂಬ ಮೇದಸ್ಸಿನ ಅಂಶವೂ ಅಲ್ಲಿದೆ. ಅಡಿಗೆಯಾಗಿದೆ, ಎಲೆ ಹಾಕಿದೆ, ಕುಳಿತು ಉಣ್ಣುವುದೊಂದೇ ಬಾಕಿ.

ಇನ್ನೊಂದು ಲಾಭವೂ ಇದೆ. ಗಿಡ ಸುಮ್ಮನೆ ನಿಂತು ತನ್ನನ್ನು ತಿನ್ನಗೊಡುವುದಿಲ್ಲ. ಕಡಲೆಯ ಎಲೆಯ ಮೇಲೆ ಹುಳಿ ಒಸರುತ್ತದೆ. ಬೇಳೆಕಾಳುಗಳ ಬೀಜದಲ್ಲಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳನ್ನು ಕಟ್ಟಿಹಾಕುವ ಪದಾರ್ಥಗಳಿವೆ. ನಾವು ಬೇಳೆಯನ್ನು ಬೇಯಿಸಿ ಆ ತೊಡಕನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತೇವೆ, ಹುಳುವಿಗೆ ಒಲೆಯಿಲ್ಲ. ಅದು ತನ್ನ ಗಳಿಕೆಯ ಒಂದು ಭಾಗವನ್ನು ಹೊಸ ಕಿಣ್ವಗಳ ತಯಾರಿಕೆಗೂ ನಂಜನ್ನು ಮುರಿಯುವುದಕ್ಕೂ ಖರ್ಚುಮಾಡಬೇಕು. ಸ್ವಜಾತಿಯ ಮಾಂಸದಲ್ಲಿ ಈ ಅಡ್ಡಿಗಳು ಅಷ್ಟಾಗಿ ಇಲ್ಲ. ಅಪಚಯದ ಬಾಬಿನಲ್ಲಿ ಉಳಿದದ್ದೆಲ್ಲ ಚಯಕ್ಕೆ ಜಮೆ.

ಬೆಳವಣಿಗೆಯ ಮೇಲೆ ಇದರ ಪರಿಣಾಮ ಹೇಗೆಂಬುದನ್ನು ತಿಳಿಯಲು ಹುಳು ಬೆಳೆಯುವ ಬಗೆಯನ್ನು ಸ್ವಲ್ಪ ನೋಡಬೇಕು. ಹುಳುವಿನ ಹೊರಚರ್ಮ ಒಂದು ಮಿತಿಯಾಚೆ ಹಿಗ್ಗದು. ಆಗಾಗ ಅದನ್ನು ಕಳಚಿ ಹೊಸದನ್ನು ಉಡಬೇಕು. ರೇಷ್ಮೆ ಸಾಕುವ ನಮ್ಮ ಜನ ಇದನ್ನು ‘ಜ್ವರ’ ಎನ್ನುತ್ತಾರೆ. ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕುಳಿತ ಹುಳುವಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತನೂ ಕೊಡಲಾರ. ಈ ಜ್ವರವನ್ನು ಬರಿಸುವ ಹಾರ್ಮೋನನ್ನು 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬುವರು ಶುದ್ಧರೂಪದಲ್ಲಿ ಬೇರ್ಪಡಿಸಿದರು. ರೇಷ್ಮೆಯ 500 ಕಿಲೋಗ್ರಾಂ ಕೋಶಗಳಿಂದ ಅವರಿಗೆ ದೊರೆತುದು 25 ಮಿಲಿಗ್ರಾಂ ಹರಳು. ಹುಳು ಕೋಶವಾಗುವುದಕ್ಕೆ ಮುನ್ನ ಒಂದು ನಿರ್ಣಾಯಕ ತೂಕವನ್ನು ಮುಟ್ಟಬೇಕೆಂಬುದು ಹಲವು ಕೀಟಗಳಲ್ಲಿ ಕಂಡುಬಂದಿದೆ. ಆ ತೂಕವನ್ನು ದಾಟಿದ ಹುಳುವನ್ನು ಉಪವಾಸ ಕೆಡವಿದರೂ ಅದು ಕೋಶವಾಗಿಯೇ ತೀರುತ್ತದೆ. ಮುಟ್ಟದ ಹುಳು ಕಾಯಬೇಕು, ಇಲ್ಲವೆ ಸಾಯಬೇಕು. ಬಡ ಮೇವಿನ ನಡುವೆ ದೊರೆತ ಒಂದು ಸ್ವಜಾತಿಯ ತುತ್ತು ಹುಳುವನ್ನು ಈ ಹೊಸ್ತಿಲಿನ ಆಚೆಗೆ ದಾಟಿಸಬಲ್ಲುದು. ಆದರೆ ಅದೇ ಜ್ವರದ ಹೊತ್ತು ಅತ್ಯಂತ ಅಪಾಯದ ಹೊತ್ತೂ ಹೌದು. ಹೊಸ ಚರ್ಮ ಗಟ್ಟಿಯಾಗುವ ತನಕ ಎಷ್ಟೇ ದೊಡ್ಡ ಹುಳುವಾದರೂ ಮೆತ್ತಗಿನ ತುತ್ತೇ.

ದೃಷ್ಟಾಂತಗಳನ್ನು ನೋಡೋಣ. ಗುಲಗಂಜಿ ಹುಳು ಎಲೆಯ ಅಡಿಯಲ್ಲಿ ಹಳದಿಯ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಮೊದಲು ಒಡೆದು ಬಂದ ಮರಿಗಳು ಇನ್ನೂ ಒಡೆಯದ ಮೊಟ್ಟೆಗಳನ್ನು ತಿನ್ನುತ್ತವೆ. ಅವುಗಳ ಸಹಜ ಆಹಾರ ಸಸ್ಯಹೇನು. ಆದರೆ ಈಗತಾನೆ ಹುಟ್ಟಿದ ಮರಿ ಹೇನನ್ನು ಹುಡುಕಿ ಹಿಡಿಯುವುದು ಸುಲಭವಲ್ಲ. ಹುಟ್ಟಿದ ಮನೆಯಲ್ಲೇ ಒಂದು ಮೊಟ್ಟೆ ತಿಂದ ಮರಿ ಹಸಿವನ್ನು ತಾಳಿಕೊಂಡು ಹೆಚ್ಚು ಕಾಲ ಹುಡುಕಬಲ್ಲುದು. ಇನ್ನೂ ವಿಚಿತ್ರವಾದುದನ್ನು ಪೆರಿ ಮತ್ತು ರಾಯ್ಟ್‌ಬರ್ಗ್ ಎಂಬುವರು 2005ರಲ್ಲಿ ಪ್ರಕಟಿಸಿದರು. ಸುತ್ತಲೂ ಹೇನು ಕಡಮೆಯೆಂಬ ಸುಳಿವು ಸಿಕ್ಕಿದ ತಾಯಿ, ಮರಿಯಾಗಲಾರದ ಜೊಳ್ಳು ಮೊಟ್ಟೆಗಳನ್ನು ಹೆಚ್ಚಾಗಿ ಇಡುತ್ತದೆಯಂತೆ. ಅಂದರೆ ಅವು ಮೊಟ್ಟೆಯ ರೂಪದ ಬುತ್ತಿ. ಬರಗಾಲದಲ್ಲಿ ಹುಟ್ಟಲಿರುವ ಮಕ್ಕಳಿಗೆ ತಾಯಿ ಕಟ್ಟಿಟ್ಟು ಹೋದದ್ದು.

ಇದೇ ವಂಶದ ಕೆಲವು ಜಾತಿಗಳಲ್ಲಿ ತಾಯಿಯಿಂದ ಮೊಟ್ಟೆಗೆ ಹರಿದುಬರುವ ಬ್ಯಾಕ್ಟೀರಿಯಗಳಿವೆ. ಅವು ಗಂಡುಮರಿಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತವೆ. ಸತ್ತ ಅಣ್ಣತಮ್ಮಂದಿರನ್ನು ತಿಂದು ಅಕ್ಕತಂಗಿಯರು ಬೆಳೆಯುತ್ತಾರೆ. ಆ ಅಕ್ಕತಂಗಿಯರ ಮೂಲಕವೇ ಬ್ಯಾಕ್ಟೀರಿಯ ಮುಂದಿನ ತಲೆಮಾರಿಗೆ ದಾಟುತ್ತದೆ. ಇಲ್ಲಿ ತಿಂದವರು ಯಾರು, ತಿನ್ನಿಸಿದವರು ಯಾರು, ಲಾಭ ಯಾರದು ಎಂಬ ಪ್ರಶ್ನೆಗೆ ನನ್ನ ವಿದ್ಯಾರ್ಥಿಯ ಸೂತ್ರ ಉತ್ತರ ಕೊಡಲಾರದು.

ನಮ್ಮ ಗೃಹಿಣಿಯರು ಹಿಟ್ಟನ್ನು ಜರಡಿ ಹಿಡಿದು ಎಸೆಯುವ ಕೆಂಪು ಹುಳುವಿನ ಕಥೆ ಮತ್ತೊಂದು ತೆರನದು. ಅದರ ಮರಿಗಳು ಮೊಟ್ಟೆಗಳನ್ನು ತಿನ್ನುತ್ತವೆ. ಬೆಳೆದ ಹುಳುಗಳು ಮೊಟ್ಟೆಯನ್ನೂ ಕೋಶವನ್ನೂ ತಿನ್ನುತ್ತವೆ. 1999ರಲ್ಲಿ ಸಾರಾ ವಯಾ ಅವರು ಈ ಹುಳುಗಳನ್ನು ಅವಕ್ಕೆ ಒಗ್ಗದ ಮೆಕ್ಕೆಜೋಳದ ಹಿಟ್ಟಿನಲ್ಲಿ ಸಾಕಿ ನೋಡಿದರು. ಮೊಟ್ಟೆ ತಿನ್ನುವ ಅವಕಾಶವಿದ್ದ ಮರಿಗಳು ಆ ಬಡ ಹಿಟ್ಟಿನಲ್ಲೂ ಹೆಚ್ಚಾಗಿ ಬದುಕಿ ಉಳಿದುವು. ಕೆಟ್ಟ ನಾಡಿಗೆ ವಲಸೆ ಬಂದ ವಂಶ ಅಲ್ಲಿ ಒಗ್ಗುವ ತನಕ ಅದನ್ನು ಸ್ವಜಾತಿಭಕ್ಷಣವೇ ಪೊರೆಯಬಲ್ಲುದೆಂದು ಇದರಿಂದ ತೋರಿತು.

2013ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ವಿಜೇಂದ್ರವರ್ಮ, ನರಸಿಂಹ ಮತ್ತು ಕವೆಟ್ಸ್‌ಕಿ ಅವರು ಹಣ್ಣಿನ ನೊಣದ ಮರಿಗಳ ಬಗ್ಗೆ ಪ್ರಕಟಿಸಿದ ವರದಿ ಎಲ್ಲರನ್ನೂ ಬೆರಗುಗೊಳಿಸಿತು. ಕೊಳೆತ ಹಣ್ಣಿನ ಈ ಸಾಧು ಪ್ರಾಣಿಯ ಎಳೆಯ ಮರಿಗಳು ಗುಂಪುಗೂಡಿ ತಮಗಿಂತ ಎಷ್ಟೋ ದೊಡ್ಡ ಮರಿಗಳ ಮೇಲೆ ಬಿದ್ದು ಚರ್ಮವನ್ನು ಹರಿದು ತಿನ್ನುತ್ತವೆ. ಬೇರೇನನ್ನೂ ಕೊಡದೆ ಸ್ವಜಾತಿಯ ಆಹಾರದಲ್ಲೇ ಸಾಕಿದರೂ ಅವುಗಳಲ್ಲಿ ಕೆಲವು ಸಂತಾನಶಕ್ತಿಯುಳ್ಳ ನೊಣಗಳಾದುವು. ಅಂಥ ಆಹಾರದಲ್ಲಿ ಬೆಳೆದ ಮರಿಗಳ ಬಾಯಿಯ ಕೊಕ್ಕೆಯಲ್ಲಿ ಹಲ್ಲುಗಳ ಸಂಖ್ಯೆಯೇ ಹೆಚ್ಚಿತ್ತು. ಹಲವು ತಲೆಮಾರು ಅರೆಹೊಟ್ಟೆಯಲ್ಲಿ ಸಾಕಿದ ವಂಶಗಳಲ್ಲಿ ಈ ಪ್ರವೃತ್ತಿ ಬಲವಾಗಿ ಬೇರೂರಿತ್ತು. ತಿನಿಸು ಬರಿಯ ತೂಕವನ್ನಲ್ಲದೆ ಮೈಯ ಕಟ್ಟನ್ನೇ ಬದಲಿಸಿತ್ತು. ಮತ್ಸ್ಯನ್ಯಾಯ ಇಲ್ಲಿ ತಲೆಕೆಳಗಾಗಿರುವುದನ್ನೂ ಗಮನಿಸಬೇಕು. ನುಂಗಿದವು ಚಿಕ್ಕವು, ನುಂಗಿಸಿಕೊಂಡದ್ದು ದೊಡ್ಡದು.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ನನ್ನ ವಿದ್ಯಾರ್ಥಿ ಗೆದ್ದಂತೆಯೇ. ಆದರೆ ಎದುರು ಪಕ್ಷದ ಸಾಕ್ಷಿಗಳೂ ಇವೆ. ಅಮೆರಿಕ ಖಂಡದ ಸೈನಿಕ ಹುಳು 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡು ಬೇಗನೆ ದೇಶವನ್ನೆಲ್ಲ ವ್ಯಾಪಿಸಿತು. ಇದರ ತಾಯಿ ಮೊಟ್ಟೆಗಳನ್ನು ರಾಶಿಯಾಗಿ ಇಟ್ಟರೂ ಬೆಳೆದ ಗಿಡದ ಸುಳಿ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಕ್ಕುವುದು ಒಂದೋ ಎರಡೋ ಹುಳು. ಚಾಪ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕನೆಯ ಹಂತದ ಎರಡು ಅಥವಾ ನಾಲ್ಕು ಹುಳುಗಳನ್ನು ಒಂದೊಂದು ಗಿಡದ ಮೇಲೆ ಬಿಟ್ಟಾಗ ಮೂರೇ ದಿನಗಳಲ್ಲಿ ನೂರಕ್ಕೆ ಸುಮಾರು 40 ಹುಳುಗಳು ಸ್ವಜಾತಿಯ ಬಾಯಿಗೆ ಹೋದುವು. ಮೇವು ಇದ್ದಾಗಲೂ ಅವು ಒಂದನ್ನೊಂದು ತಿಂದುವು. ಕಡಮೆಯಾದಾಗ, ಗುಂಪು ಹೆಚ್ಚಾದಾಗ ಇನ್ನೂ ಹೆಚ್ಚು. ಆದರೆ ತಿಂದ ಹುಳುಗಳಿಗೆ ಬಂದ ಲಾಭವೇನು? ಒಂಟಿಯಾಗಿ ಮೇವು ತಿಂದು ಬೆಳೆದ ಹುಳುಗಳಿಗಿಂತ ಅವು ಹೆಚ್ಚಾಗಿ ಸತ್ತುವು, ಅವುಗಳ ಕೋಶದ ತೂಕ ಕಡಮೆಯಿತ್ತು, ಬೆಳವಣಿಗೆ ನಿಧಾನವಾಗಿತ್ತು. ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ.

ಹೀಗೇಕಾಗುತ್ತದೆಂದು ಯೋಚಿಸಿದರೆ ಮತ್ತೆ ಚಯಾಪಚಯದ ಲೆಕ್ಕವನ್ನೇ ತೆರೆಯಬೇಕು. ಇನ್ನೊಂದು ಹುಳುವೆಂದರೆ ಓಡದೆ ನಿಂತ ಎಲೆಯಲ್ಲ, ಅದಕ್ಕೂ ದವಡೆಯಿದೆ. ಜಗಳದಲ್ಲಿ ಹೊತ್ತು ಹೋಗುತ್ತದೆ, ಕಸುವು ಹೋಗುತ್ತದೆ, ಗಾಯವಾಗುತ್ತದೆ. ಒಳ್ಳೆಯ ಮೇವು ಸಾಕಷ್ಟು ಇರುವಾಗ ಈ ಖರ್ಚಿಗೆ ತಕ್ಕ ಆದಾಯವಿಲ್ಲ. ಅತಿಯಾದ ಪ್ರೋಟೀನೂ ಒಂದು ಹೊರೆಯೇ; ಬೇಡವಾದ ಸಾರಜನಕವನ್ನು ಯೂರಿಕ್ ಆಮ್ಲವನ್ನಾಗಿ ಮಾಡಿ ಹೊರಹಾಕುವುದಕ್ಕೂ ದುಡಿಮೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ರೋಗದ ಭಯವಿದೆ. ನಮ್ಮ ಮೈಗೆ ಒಗ್ಗುವ ಮಾಂಸ ನಮ್ಮ ಜಾತಿಯದೇ ಆದರೆ, ನಮ್ಮ ಮೈಗೆ ಒಗ್ಗುವ ರೋಗವೂ ಆ ಮಾಂಸದಲ್ಲೇ ಇರುತ್ತದೆ. ನಂಜಾಣು ತಗಲಿ ಜಡವಾದ ಹುಳು ಬೇಗ ಕೈಗೆ ಸಿಕ್ಕುವ ಬೇಟೆ. ಅದನ್ನು ತಿಂದ ಹುಳುವಿನ ಹೊಟ್ಟೆಗೆ ಊಟದೊಡನೆ ಸಾವೂ ಇಳಿಯುತ್ತದೆ.

ಇನ್ನು ಗಿಡದ ಮಾತು. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಆರಾಕ್ ಮತ್ತು ಸಂಗಡಿಗರು ಟೊಮೇಟೊ ಗಿಡಗಳಿಗೆ ಮೀಥೈಲ್ ಜಾಸ್ಮೊನೇಟ್ ಎಂಬ ದ್ರವ್ಯವನ್ನು ಸಿಂಪಡಿಸಿದರು. ಅದು ಗಿಡಗಳು ಹುಳು ಬಿದ್ದಾಗ ತಾವೇ ಹೊರಡಿಸುವ ಎಚ್ಚರಿಕೆಯ ದ್ರವ್ಯ. 1962ರಲ್ಲಿ ಅದನ್ನು ಜಾಜಿಯ ಹೂವಿನ ಎಣ್ಣೆಯಲ್ಲಿ ಗುರುತಿಸಿದ್ದರಿಂದ ಮಲ್ಲಿಗೆಯ ಕುಲನಾಮ ಅದಕ್ಕೆ ಅಂಟಿಕೊಂಡಿತು. ಎಚ್ಚರಗೊಂಡ ಗಿಡ ತನ್ನ ಎಲೆಯನ್ನು ರುಚಿಗೆಡಿಸಿ ಒರಟಾಗಿಸಿತು. ಆಗ ಹುಳುಗಳು ಎಲೆಯನ್ನು ಬಿಟ್ಟು ಬೇಗನೆ ಒಂದನ್ನೊಂದು ತಿನ್ನತೊಡಗಿದುವು. ಹೆಚ್ಚು ಎಚ್ಚರಗೊಂಡ ಗಿಡಗಳೇ ಹೆಚ್ಚು ಉಳಿದುವು. ಹುಳುಗಳು ತಮ್ಮತಮ್ಮಲ್ಲೇ ಹೊಡೆದಾಡುವಂತೆ ಮಾಡಿದ್ದು ಸುತ್ತಲಿನ ಅನ್ನದ ಕೊರತೆ. ಆ ಕೊರತೆಯನ್ನು ಒಡ್ಡಿದವರಿಗೆ ಅದರಿಂದ ಲಾಭವಿತ್ತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ನಾನು ಪಾಠ ಹೇಳುವ ಊರು ತೊಗರಿಯ ಸೀಮೆಯಲ್ಲಿದೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೆಳೆಯುವುದು ಈ ಕರಿಯ ಮಣ್ಣಿನಲ್ಲೇ. ಹೂ ಬಿಟ್ಟು ಕಾಯಿ ಕಟ್ಟುವ ದಿನಗಳಲ್ಲಿ ಆ ವಿದ್ಯಾರ್ಥಿಯ ತಂದೆ ನನ್ನನ್ನು ಹೊಲಕ್ಕೆ ಕರೆದೊಯ್ದರು. ಸಾಲುಗಳ ನಡುವೆ ಚಾದರ ಹಾಸಿ ಗಿಡಗಳನ್ನು ಅಲುಗಿಸಿದಾಗ ಹಸಿರು ಹುಳುಗಳು ಪಟಪಟನೆ ಉದುರಿದುವು. ಒಂದು ಕಾಯಿಯಲ್ಲಿ ಅರ್ಧ ಮೈ ಒಳಗೆ, ಅರ್ಧ ಹೊರಗೆ ಇಟ್ಟುಕೊಂಡು ಕಾಳು ಕೊರೆಯುತ್ತಿದ್ದ ಹುಳುವನ್ನು ಅವರು ತೋರಿಸಿ, “ಒಂದು ಕಾಯಾಗ ಎರಡು ಕೀಡಿ ಇರಂಗಿಲ್ಲ್ರೀ ಸರ. ಇದ್ದರ ಒಂದ ಉಳೀತದ, ಅದೂ ದಪ್ಪಂದು” ಎಂದರು. ಪುಸ್ತಕಗಳಲ್ಲಿ ನಾನು ಓದಿದ್ದುದನ್ನು ಅವರು ಹೊಲದಲ್ಲೇ ಓದಿಕೊಂಡಿದ್ದರು. “ಹಾಗಾದರೆ ಅವೇ ಒಂದನ್ನೊಂದು ತಿಂದು ಬೆಳೆ ಉಳಿಯಬೇಕಲ್ಲ?” ಎಂದು ಕೇಳಿದೆ. ಅವರು ನಕ್ಕು, “ಉಳದ ಒಂದ ಸಾಕ್ರೀ. ಅದು ಬ್ಯಾರೆ ಕಾಯಿಗಿ ಹೋಗಂಗಿಲ್ಲೇನು?” ಎಂದರು. ಮಾತು ಸರಿಯೇ. ಕಡಲೆಯಲ್ಲಿ ಇದೇ ಹುಳು ಒಂದು ತನ್ನ ಆಯುಸ್ಸಿನಲ್ಲಿ 30ರಿಂದ 40 ಕಾಯಿಗಳನ್ನು ಕೆಡಿಸಬಲ್ಲುದೆಂದು ಕೃಷಿಗ್ರಂಥಗಳು ಹೇಳುತ್ತವೆ. ಹುಳುಗಳ ಒಳಜಗಳ ರೈತನ ಸಾಲವನ್ನು ತೀರಿಸುವುದಿಲ್ಲ.

ಆ ವಿದ್ಯಾರ್ಥಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸಂಗ್ರಹಿಸುತ್ತೇನೆ. ಪ್ರಕೃತಿಯಲ್ಲಿ ತಿನ್ನುವುದುಂಟು, ನಿಜ. ಆದರೆ ‘ತಿಂದವನು ಬೆಳೆಯುತ್ತಾನೆ’ ಎಂಬುದು ನಿಯಮವಲ್ಲ. ಬಡ ಹಿಟ್ಟಿನಲ್ಲಿ ಬದುಕಿಸಿದ ತಿನಿಸೇ ಒಳ್ಳೆಯ ಮೇವಿನ ನಡುವೆ ಮೈಯನ್ನು ಕುಗ್ಗಿಸಿತು. ಲಾಭವೋ ನಷ್ಟವೋ ಎಂಬುದನ್ನು ನಿರ್ಣಯಿಸಿದ್ದು ತಿನ್ನುವವನ ಬಲವಲ್ಲ. ಸುತ್ತ ಇದ್ದ ಅನ್ನ, ಗುಂಪಿನ ದಟ್ಟಣೆ, ರೋಗದ ಸುಳಿವು. ಹುಳುವಿನಿಂದ ನೀತಿ ಕಲಿಯಲು ಹೊರಟರೆ ಯಾವ ಹುಳು, ಯಾವ ಮೇವು, ಎಷ್ಟು ದಟ್ಟಣೆ ಎಂದು ಮೊದಲು ಕೇಳಬೇಕು; ಅಷ್ಟು ಕೇಳಿದಮೇಲೆ ಅದು ನೀತಿಯಾಗಿ ಉಳಿಯುವುದಿಲ್ಲ. ಇನ್ನು ಮತ್ಸ್ಯನ್ಯಾಯದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಅನುಸರಿಸಬೇಕಾದ ನ್ಯಾಯವಾಗಿ ಬಂದಿಲ್ಲ. ದಂಡನೀತಿ ಇಲ್ಲದ ನಾಡಿಗೆ ಒದಗುವ ದುರವಸ್ಥೆಯ ಹೆಸರಾಗಿ ಬಂದಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸರ್, ನಮ್ಮ ಸೀಮೆಯಲ್ಲಿ ಎಲೆಯನ್ನು ಕಹಿ ಮಾಡಿದವರು ಯಾರು?” ಎಂದು ಕೇಳಿದ. ಆ ಪ್ರಶ್ನೆ ಕೀಟಶಾಸ್ತ್ರದ್ದಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೆ ತೋರಿತು.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ಕಾಯಿಕೊರಕವನ್ನು ವಿಷವಿಲ್ಲದೆ ಹತೋಟಿಗೆ ತರಲು ಎನ್.ಪಿ.ವಿ. ಎಂಬ ನಂಜಾಣುವಿನ ದ್ರಾವಣವುಂಟು. ಹೆಕ್ಟೇರಿಗೆ 250 ಹುಳುಗಳಿಗೆ ಸಮನಾದ ಪ್ರಮಾಣವನ್ನು ಬೆಲ್ಲ ಬೆರೆಸಿದ ನೀರಿನಲ್ಲಿ ಕಲಸಿ ಸಂಜೆಯ ಹೊತ್ತು ಸಿಂಪಡಿಸುತ್ತಾರೆ. ರೋಗ ತಗಲಿದ ಹುಳು ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಈ ನಂಜಾಣು ಬೆಳೆಯುವುದು ಜೀವಂತ ಹುಳುವಿನ ಮೈಯಲ್ಲೇ ಆದುದರಿಂದ ಅದನ್ನು ತಯಾರಿಸಲು ಸಾವಿರಾರು ಹುಳುಗಳನ್ನು ಸಾಕಬೇಕು. ರೇಷ್ಮೆಹುಳುವಿನಂತೆ ಒಂದೇ ತಟ್ಟೆಯಲ್ಲಿ ಬಿಟ್ಟರೆ ಒಂದನ್ನೊಂದು ತಿಂದುಬಿಡುತ್ತವೆ. ಅದಕ್ಕಾಗಿ ಸಣ್ಣಸಣ್ಣ ಕೋಣೆಗಳಿರುವ ತಟ್ಟೆಗಳನ್ನು ಮಾಡಿ, ಒಂದೊಂದು ಕೋಣೆಗೆ ಕಡಲೆಹಿಟ್ಟಿನ ಆಹಾರ ತುಂಬಿ, ಒಂದೊಂದೇ ಹುಳುವನ್ನು ಕುಂಚದ ತುದಿಯಿಂದ ಎತ್ತಿ ಬಿಡುತ್ತಾರೆ. ಕೈಕೆಲಸ ಬಹಳ, ಅದರಿಂದಲೇ ಬೆಲೆಯೂ ಏರುತ್ತದೆ. ಹುಳುವಿನ ಒಂದು ದುರಭ್ಯಾಸಕ್ಕೆ ರೈತ ಅಂಗಡಿಯಲ್ಲಿ ಬೆಲೆ ತೆರುತ್ತಾನೆ. ಆದರೂ ಆ ತಟ್ಟೆಗಳ ಏರ್ಪಾಟಿನಲ್ಲಿ ಒಂದು ವಿವೇಕವಿದೆ. ಅಲ್ಲಿ ಯಾರೂ ಹುಳುವಿಗೆ ಅಹಿಂಸೆಯನ್ನು ಬೋಧಿಸುವುದಿಲ್ಲ. ಹೊಟ್ಟೆ ತುಂಬುವಷ್ಟು ಅನ್ನ, ಮೈ ಹೊರಳುವಷ್ಟು ಜಾಗ, ನಡುವೆ ಒಂದು ಗೋಡೆ, ಇಷ್ಟನ್ನು ಕೊಡುತ್ತಾರೆ. ಹುಳುಗಳೆಲ್ಲ ಬೆಳೆಯುತ್ತವೆ.